ಸಾಲ ತಂದ ಒಂದು ಎಲ್ಲ ಕಡೆಯೂ ಹತ್ತಲ್ಲ

ಕಳೆಯುವ ಲೆಕ್ಕದಲ್ಲಿ ಮೇಲಿನ ಅಂಕಿ ಕೆಳಗಿನದಕ್ಕಿಂತ ಚಿಕ್ಕದಾದರೆ ಎಡಗಡೆಯ ಸ್ಥಾನದಿಂದ ಒಂದು ಸಾಲ ತರಬೇಕು. ತಂದ ಒಂದು ಇಲ್ಲಿಗೆ ಬಂದೊಡನೆ ಹತ್ತಾಗುತ್ತದೆ. ಶಾಲೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಸೂತ್ರವಿದು. ಪಾಠಕ್ಕೆ ‘ದಶಕ ಸಹಿತ ವ್ಯವಕಲನ’ ಎಂಬ ಹೆಸರೂ ಇದೆ. ಸೂತ್ರದ ಬೆನ್ನಿಗೇ ಒಂದು ನಂಬಿಕೆ ಅಂಟಿಕೊಂಡಿದೆ. ಹತ್ತರ ಹೊರತಾದ ಆಧಾರಗಳು, ಅಂದರೆ ಎರಡು, ಎಂಟು, ಹದಿನಾರರ ಲೆಕ್ಕಗಳು, ಕಂಪ್ಯೂಟರ್ ಓದುವವರ ಪಾಡು. ರೈತನಿಗೆ, ಅಂಗಡಿಯವನಿಗೆ, ಗಾರೆ ಕೆಲಸದವನಿಗೆ ಹತ್ತರ ಲೆಕ್ಕ ಬಂದರೆ ಸಾಕು ಎನ್ನುವುದು ಆ ನಂಬಿಕೆ. ಸೂತ್ರ ಅರ್ಧ ನಿಜ. ನಂಬಿಕೆ ಪೂರಾ ತಪ್ಪು.

ತಪ್ಪೆಂದು ತೋರಿಸಲು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂಥ ಊರಿನ ಒಂದು ಪಹಣಿ ಸಾಕು. ಪಹಣಿಯಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಮೊದಲು ಬರುತ್ತದೆ, ಅದರಲ್ಲಿ ಕಳೆಯಬೇಕಾದ ಖರಾಬು ಆಮೇಲೆ, ಉಳಿದದ್ದು ಕೊನೆಗೆ. 1966ರ ಭೂಕಂದಾಯ ನಿಯಮಗಳ ಪ್ರಕಾರ ಸಾಗುವಳಿಗೆ ಆಗದ ನೆಲ ‘ಎ’ ಖರಾಬು. ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ‘ಬಿ’ ಖರಾಬು. ಬಂಡೆ ಬೆಟ್ಟಗಳ ಈ ಸೀಮೆಯಲ್ಲಿ ಖರಾಬು ಕಳೆಯುವುದು ದಿನನಿತ್ಯದ ಲೆಕ್ಕ. ಒಂದು ಎಕರೆಗೆ 40 ಗುಂಟೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರಡಿ. ಗುಂಟೆಗೆ 16 ಆಣೆ. ಹತ್ತು ಎಂಬುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಒಂದು ನಂಬರಿನ ವಿಸ್ತೀರ್ಣ 3 ಎಕರೆ 12 ಗುಂಟೆ ಎಂದಿಟ್ಟುಕೊಂಡು, ಅದರಲ್ಲಿ 1 ಎಕರೆ 25 ಗುಂಟೆ ಅಣ್ಣನ ಪಾಲಿಗೆ ಹೋಯಿತು ಎನ್ನೋಣ. ತಮ್ಮನಿಗೆ ಉಳಿದದ್ದೆಷ್ಟು? ಶಾಲೆಯ ಸೂತ್ರ ಇಲ್ಲಿ ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತದೆ. 12ರಲ್ಲಿ 25 ಹೋಗುವುದಿಲ್ಲ. ಎಕರೆಯಿಂದ ಒಂದು ತಂದು ಹತ್ತು ಸೇರಿಸಿದರೆ 22, ಆಗಲೂ 25 ಹೋಗುವುದಿಲ್ಲ. ಎಕರೆ, ಗುಂಟೆಗಳ ಭೇದ ಮರೆತು 312ರಲ್ಲಿ 125 ಎಂದು ಕಳೆದವನಿಗೆ 187 ಬರುತ್ತದೆ. ಅದನ್ನು 1 ಎಕರೆ 87 ಗುಂಟೆ ಎಂದು ಬರೆದರೆ 87 ಗುಂಟೆಯೇ ಎರಡು ಎಕರೆ ಮೀರುತ್ತದೆ. ಒಟ್ಟು 3 ಎಕರೆ 7 ಗುಂಟೆ. ಒಂದೂವರೆ ಎಕರೆಗಿಂತ ಹೆಚ್ಚು ಅಣ್ಣನಿಗೆ ಕೊಟ್ಟ ಮೇಲೂ ತಮ್ಮನ ನೆಲ ಐದೇ ಗುಂಟೆ ಕಡಿಮೆಯಾದಂತೆ! ಸರಿಯಾದ ಲೆಕ್ಕ ಬೇರೆ. ಎಕರೆಯ ಮನೆಯಿಂದ ಬಂದ ಒಂದು ಗುಂಟೆಯ ಮನೆಯಲ್ಲಿ 40 ಆಗುತ್ತದೆ. 12ಕ್ಕೆ 40 ಸೇರಿ 52, ಅದರಲ್ಲಿ 25 ಹೋದರೆ 27. ಎಕರೆಯಲ್ಲಿ ಉಳಿದ ಎರಡರಲ್ಲಿ ಒಂದು ಹೋದರೆ ಒಂದು. ತಮ್ಮನ ಪಾಲು 1 ಎಕರೆ 27 ಗುಂಟೆ.

ಮೊಬೈಲಿನಲ್ಲೇ ಕ್ಯಾಲ್ಕುಲೇಟರ್ ಇರುವಾಗ ಈ ತಲೆನೋವೇಕೆ ಎನ್ನುವವರಿಗೆ ಇಲ್ಲೇ ಉತ್ತರ ಸಿಗುತ್ತದೆ. ಎಕರೆ ಗುಂಟೆಗಳ ನಡುವೆ ಚುಕ್ಕೆಯಿಟ್ಟು 3.12 ಎಂದು ಬರೆಯುವ ರೂಢಿಯಿದೆ. ಅದನ್ನೇ ಒತ್ತಿ 1.25 ಕಳೆದರೆ ಯಂತ್ರ 1.87 ಎನ್ನುತ್ತದೆ; ಎಕರೆ, ಗುಂಟೆಗಳ ಭೇದ ಮರೆತವನು ಮಾಡಿದ ತಪ್ಪೇ ಅದೂ. ಚುಕ್ಕೆಯ ಬಲಗಡೆ ನೂರು ತುಂಬಿದರೆ ಎಡಗಡೆ ಒಂದು ಎಂದು ಯಂತ್ರ ತಿಳಿದಿದೆ, ನೆಲ ನಲವತ್ತಕ್ಕೇ ತುಂಬುತ್ತದೆ. ಹಾಗಾಗಿ ಎಕರೆಯಿಂದ ಸಾಲ ತರಬೇಕಾದಾಗಲೆಲ್ಲ ಯಂತ್ರದ ಉತ್ತರದಲ್ಲಿ ಸರಿಯಾಗಿ 60 ಗುಂಟೆ, ಅಂದರೆ ಒಂದೂವರೆ ಎಕರೆ ಹೆಚ್ಚು ಬರುತ್ತದೆ. ಸಾಲ ತರದ ಲೆಕ್ಕದಲ್ಲಿ ಉತ್ತರ ಸರಿಯಾಗಿಯೇ ಇರುತ್ತದೆ, 3.32ರಲ್ಲಿ 1.25 ಕಳೆದರೆ 2.07, ಯಾರೂ ಬೆರಳು ಮಾಡುವಂತಿಲ್ಲ. ಅಪಾಯ ಇರುವುದೇ ಈ ಅರ್ಧ ಸರಿತನದಲ್ಲಿ. ನಾಲ್ಕು ಸಲ ಸರಿ ಬಂದ ವಿಧಾನವನ್ನು ಐದನೆಯ ಸಲ ಸಂಶಯಿಸುವವರು ಕಡಿಮೆ.

ಆಣೆಯೂ ಸೇರಿದಾಗ ವಿಷಯ ಇನ್ನಷ್ಟು ತಿಳಿಯಾಗುತ್ತದೆ. 2 ಎಕರೆ 10 ಗುಂಟೆ 4 ಆಣೆಯಲ್ಲಿ 15 ಗುಂಟೆ 8 ಆಣೆ ಖರಾಬು ಕಳೆಯಬೇಕು. 4 ಆಣೆಯಲ್ಲಿ 8 ಹೋಗದು. ಗುಂಟೆಯ ಮನೆಯಿಂದ ಒಂದು ತಂದರೆ ಅದು 16 ಆಣೆ. ಒಟ್ಟು 20, ಎಂಟು ಹೋದರೆ 12. ಗುಂಟೆಯಲ್ಲಿ ಈಗ 9 ಇದೆ, 15 ಹೋಗದು. ಎಕರೆಯಿಂದ ಒಂದು ತಂದರೆ 40 ಗುಂಟೆ. ಒಟ್ಟು 49, ಹದಿನೈದು ಹೋದರೆ 34. ಉಳಿದದ್ದು 1 ಎಕರೆ 34 ಗುಂಟೆ 12 ಆಣೆ. ಒಂದೇ ಲೆಕ್ಕದಲ್ಲಿ ಎರಡು ಸಲ ಸಾಲ. ಮೊದಲನೆಯದಕ್ಕೆ 16 ಬೆಲೆ, ಎರಡನೆಯದಕ್ಕೆ 40. ಸಾಲ ತಂದ ಒಂದಕ್ಕೆ ತನ್ನದೇ ಆದ ಬೆಲೆಯಿಲ್ಲ. ಅಕ್ಕಪಕ್ಕದ ಎರಡು ಮನೆಗಳ ನಡುವಿನ ಸಂಬಂಧ ಅದರ ಬೆಲೆಯನ್ನು ಗೊತ್ತುಮಾಡುತ್ತದೆ. ಎಡಮನೆಯ ಒಂದರಲ್ಲಿ ಬಲಮನೆಯ ಎಷ್ಟು ಅಡಗಿವೆಯೋ ಅಷ್ಟು, ಇದೇ ಪೂರ್ತಿ ಸೂತ್ರ. ಶಾಲೆಯ ಬಿಡಿ, ಹತ್ತು, ನೂರುಗಳಲ್ಲಿ ಆ ಸಂಬಂಧ ಎಲ್ಲ ಕಡೆ ಹತ್ತೇ ಆಗಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಎಂಟರ ಆಧಾರದಲ್ಲಿ ಎಲ್ಲ ಕಡೆ ಎಂಟು, ಎರಡರದ್ದರಲ್ಲಿ ಎಲ್ಲ ಕಡೆ ಎರಡು. ಪಹಣಿಯ ಲೆಕ್ಕ ಇವೆಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಅಲ್ಲಿ ಮನೆಯಿಂದ ಮನೆಗೆ ಆಧಾರ ಬದಲಾಗುತ್ತದೆ. ಹೀಗಿದ್ದೂ ಎಂಟರ ಆಧಾರ ‘ಉನ್ನತ’ ಗಣಿತ, ಪಹಣಿ ಹಳ್ಳಿಯವರ ಲೆಕ್ಕ!

‘ಸಾಲ’ ಎಂಬ ವಿವರಣೆಯೂ ಈ ಮಬ್ಬಿಗೆ ತನ್ನ ಪಾಲು ಸೇರಿಸಿದೆ. ಪಕ್ಕದ ಮನೆಯವರು ಒಂದು ಕೊಟ್ಟರೆ ಈ ಮನೆಗೆ ಬರುವಾಗ ಅದು ಹತ್ತಾಗುವುದು ಹೇಗೆ, ತಂದ ಸಾಲವನ್ನು ಯಾರೂ ಏಕೆ ತೀರಿಸುವುದಿಲ್ಲ ಎಂದು ಕೇಳುವ ಮಗು ನ್ಯಾಯವಾದದ್ದನ್ನೇ ಕೇಳುತ್ತದೆ. ಆ ಮಗುವಿಗೆ ಸಿಗುವ ಉತ್ತರ ಸಾಮಾನ್ಯವಾಗಿ ‘ಅದು ಹಾಗೇ’. ನಡೆಯುತ್ತಿರುವುದು ಸಾಲವಲ್ಲ, ಚಿಲ್ಲರೆ ಮಾಡಿಸುವ ಕೆಲಸ. ನೂರರ ನೋಟು ಮುರಿಸಿ ಹತ್ತರ ಹತ್ತು ನೋಟು ಪಡೆದವನ ಜೇಬಿನ ಹಣ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. 2 ಎಕರೆ 10 ಗುಂಟೆ 4 ಆಣೆಯನ್ನು 1 ಎಕರೆ 49 ಗುಂಟೆ 20 ಆಣೆ ಎಂದು ಬರೆದರೂ ನೆಲ ಅಷ್ಟೇ; ಬರೆದ ರೀತಿ ಮಾತ್ರ ಕಳೆಯಲು ಅನುಕೂಲವಾದ ರೀತಿ. ಸಾಲದ ಕಥೆಯಲ್ಲಿ ಮುಚ್ಚಿಹೋಗುವುದು ಈ ಸಮತ್ವವೇ.

1999ರಲ್ಲಿ ಪ್ರಕಟವಾದ, ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ ಅವರ ಅಧ್ಯಯನ ಈ ವ್ಯತ್ಯಾಸವನ್ನೇ ಹಿಡಿದು ಹೊರಟಿತು. 23 ಮಂದಿ ಅಮೆರಿಕದ ಶಿಕ್ಷಕರನ್ನೂ 72 ಮಂದಿ ಚೀನದ ಶಿಕ್ಷಕರನ್ನೂ ಅವರು ಇದೇ ಕಳೆಯುವ ಲೆಕ್ಕದ ಬಗ್ಗೆ ಕೇಳಿದ್ದರು. ಅಮೆರಿಕದವರಲ್ಲಿ ಬಹುಪಾಲು ಜನ ಪಕ್ಕದಿಂದ ತರುವ ಕ್ರಮವನ್ನು ವಿವರಿಸಿದರೆ, ಚೀನದವರಲ್ಲಿ ಬಹುಪಾಲು ಜನ ದೊಡ್ಡ ಮಾನದ ಒಂದನ್ನು ಚಿಕ್ಕ ಮಾನಕ್ಕೆ ಬಿಡಿಸುವುದು ಎಂದು ವಿವರಿಸಿದರು. ಮೊದಲ ವಿವರಣೆ ಹತ್ತರ ಆಚೆ ಕಾಲಿಡಲಾರದು. ಎರಡನೆಯದು ಎಕರೆಗೂ ಗಂಟೆಗೂ ಬೈಟ್‌ಗೂ ಹಾಗೇ ನಡೆಯುತ್ತದೆ.

ಕ್ರಮ ಗೊತ್ತಿದ್ದರೆ ಸಾಕು, ಅರ್ಥ ತಾನಾಗಿ ಬರುತ್ತದೆ ಎನ್ನುವವರ ವಾದವನ್ನೂ ನೋಡಬೇಕು. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ ಗಣಿತಕ್ಕೆ ಇಟ್ಟಿರುವ ಒಂದು ಮುಖ್ಯ ಪರೀಕ್ಷೆ ಎರಡಂಕಿಯ, ಸಾಲ ತರಬೇಕಾದ ಕಳೆಯುವ ಲೆಕ್ಕ. 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದ ಮೂರನೇ ತರಗತಿಯ ಮಕ್ಕಳಲ್ಲಿ ಅಷ್ಟನ್ನು ಮಾಡಬಲ್ಲವರು ಸುಮಾರು ಮೂರನೇ ಒಂದು ಭಾಗ. ಕ್ರಮವನ್ನೇ ಬಾಯಿಪಾಠ ಮಾಡಿಸುವ ಪದ್ಧತಿ ಕ್ರಮವನ್ನೂ ಕಲಿಸಿಲ್ಲ. ತಪ್ಪುಗಳಾದರೂ ಅಜಾಗರೂಕತೆಯಿಂದ ಹುಟ್ಟಿದವಲ್ಲ. 1978ರಲ್ಲಿ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ಕಳೆಯುವ ಲೆಕ್ಕಗಳನ್ನು ಪರಿಶೀಲಿಸಿ, ಬಹಳಷ್ಟು ತಪ್ಪುಗಳ ಹಿಂದೆ ಒಂದು ಸ್ಥಿರವಾದ, ಆದರೆ ಕೆಟ್ಟ, ನಿಯಮ ಇರುತ್ತದೆ ಎಂದು ತೋರಿಸಿದರು. 42ರಲ್ಲಿ 27 ಕಳೆಯುವಾಗ 7ರಲ್ಲಿ 2 ಕಳೆದು 25 ಎಂದು ಬರೆಯುವ ಮಗು ನಿಯಮ ಮೀರಿಲ್ಲ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆ’ ಎಂಬ ಮಾತನ್ನು ಅಕ್ಷರಶಃ ಪಾಲಿಸಿದೆ. ಇನ್ನೂ ಹಿಂದೆ, 1949ರಲ್ಲಿ, ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ ಮೂರನೇ ತರಗತಿಯ ಕಳೆಯುವಿಕೆಯನ್ನೇ ಹಿಡಿದು, ಅರ್ಥ ಹೇಳಿಕೊಟ್ಟ ಮಕ್ಕಳಿಗೂ ಬರೀ ಕ್ರಮ ಹೇಳಿಕೊಟ್ಟ ಮಕ್ಕಳಿಗೂ ಹೋಲಿಕೆ ಮಾಡಿದ್ದರು. ಬಿಡಿಸಿ ಕಳೆಯುವ ವಿಧಾನವನ್ನು ಅರ್ಥಸಹಿತ ಕಲಿತವರೇ ಮುಂದಿದ್ದರು.

ಸೊನ್ನೆ ಬಂದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2004 ಎಂಬ ಸಂಖ್ಯೆಯಲ್ಲಿ 158 ಕಳೆಯುವಾಗ ‘ಸೊನ್ನೆ ಒಂಬತ್ತಾಗುತ್ತದೆ’ ಎಂದು ಮಕ್ಕಳಿಗೆ ಬಾಯಿಪಾಠ. ಒಂಬತ್ತೇ ಏಕೆ? ಸಾವಿರದ ಮನೆಯಿಂದ ಹೊರಟ ಒಂದು ನೂರರ ಮನೆಯಲ್ಲಿ ಹತ್ತಾಗಿ, ಅದರಲ್ಲೊಂದು ಮುಂದಿನ ಮನೆಗೆ ಹೋಗಿ, ಅಲ್ಲೂ ಹತ್ತಾಗಿ ಮತ್ತೊಂದು ಮುಂದಕ್ಕೆ ಹೋಗಿ, ದಾರಿಯುದ್ದಕ್ಕೂ ಒಂಬತ್ತೊಂಬತ್ತು ಉಳಿಯುತ್ತದೆ. ಒಂಬತ್ತು ಎಂದರೆ ಆಧಾರಕ್ಕಿಂತ ಒಂದು ಕಡಿಮೆ, ಬೇರೇನಲ್ಲ. 2 ಎಕರೆ 0 ಗುಂಟೆ 4 ಆಣೆಯಲ್ಲಿ 15 ಗುಂಟೆ 8 ಆಣೆ ಕಳೆಯುವಾಗ ಗುಂಟೆಯ ಸೊನ್ನೆ ಒಂಬತ್ತಾಗುವುದಿಲ್ಲ, 39 ಆಗುತ್ತದೆ. ಉತ್ತರ 1 ಎಕರೆ 24 ಗುಂಟೆ 12 ಆಣೆ. ಎಂಟರ ಆಧಾರದಲ್ಲಿ 1000ದಿಂದ ಒಂದು ಕಳೆದರೆ 777. ಎರಡರ ಆಧಾರದಲ್ಲಿ 1000ದಿಂದ ಒಂದು ಕಳೆದರೆ 111. ಅಲ್ಲಿ ಸೊನ್ನೆ ಒಂದಾಗುತ್ತದೆ, ಎರಡಕ್ಕಿಂತ ಒಂದು ಕಡಿಮೆ ಒಂದೇ ತಾನೆ. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮಗುವಿಗೆ ಒಂಬತ್ತರ ಗುಟ್ಟು ಬಿಚ್ಚಿಕೊಳ್ಳುತ್ತದೆ. ಹತ್ತನ್ನು ಮಾತ್ರ ನೋಡಿದ ಮಗುವಿಗೆ ಅದು ಒಂಬತ್ತಿನ ಮಹಿಮೆ.

ದಶಮಾನ ಪದ್ಧತಿ ಬಂದ ಮೇಲೆ ಹಳೆಯ ಗೋಜಲುಗಳೆಲ್ಲ ಮುಗಿದವು ಎಂಬುದು ಇನ್ನೊಂದು ಸಮಾಧಾನ. ಹಣದ ಮಟ್ಟಿಗೆ ಇದು ನಿಜ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 5 ರೂಪಾಯಿ 3 ಆಣೆ 4 ಪೈಯಲ್ಲಿ 2 ರೂಪಾಯಿ 7 ಆಣೆ 9 ಪೈ ಕಳೆಯಬೇಕಾದ ಅಂಗಡಿಯವನು ಮೊದಲು 12 ತಂದು 7 ಪೈ, ಆಮೇಲೆ 16 ತಂದು 11 ಆಣೆ, ಕೊನೆಗೆ 2 ರೂಪಾಯಿ ಎಂದು ಹೇಳಬೇಕಿತ್ತು. ಆ ದಿನದಿಂದ ರೂಪಾಯಿಗೆ ನೂರು ನಯಾ ಪೈಸೆಯಾಯಿತು. 1964ರಲ್ಲಿ ‘ನಯಾ’ ಬಿದ್ದುಹೋಯಿತು. ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಉಳಿದವು, 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಗುವವರೆಗೂ. ಸೇರು, ಮಣಗಳ ಜಾಗಕ್ಕೆ ಕಿಲೋ ಬಂತು. ಇಷ್ಟಾದರೂ ನೆಲ ದಶಮಾನಕ್ಕೆ ಸೇರಲಿಲ್ಲ. ಪಹಣಿ ಕಂಪ್ಯೂಟರಿಗೆ ಹೋದ ಮೇಲೂ ಎಕರೆ ಗುಂಟೆಗಳೇ ಉಳಿದವು. ಮನೆ ಕಟ್ಟುವವರ ಟೇಪಿನಲ್ಲಿ ಅಡಿಗೆ 12 ಅಂಗುಲ. ಗಂಟೆಗೆ 60 ನಿಮಿಷ, ವರ್ಷಕ್ಕೆ 12 ತಿಂಗಳು. ಶಾಲೆಗೆ ಸೇರಿಸುವಾಗ ಮಗುವಿನ ವಯಸ್ಸನ್ನು ವರ್ಷ, ತಿಂಗಳು, ದಿನಗಳಲ್ಲಿ ತೆಗೆಯುವ ಲೆಕ್ಕದಲ್ಲಂತೂ ಸಾಲ ತಂದ ತಿಂಗಳಿಗೆ 30 ದಿನವೋ 31 ದಿನವೋ ಎಂಬುದೂ ಗೊತ್ತಿರಬೇಕು. ಹತ್ತರ ಸೂತ್ರ ಕಲಿಸುವ ಶಾಲೆಯ ದಾಖಲಾತಿ ಪುಸ್ತಕದಲ್ಲೇ ಆ ಸೂತ್ರ ಮುರಿದುಬೀಳುತ್ತದೆ.

ಪ್ರತಿಯೊಂದು ಕಟ್ಟೂ ಆಧಾರವಾಗುತ್ತದೆ ಎಂದೂ ತಿಳಿಯಬೇಕಿಲ್ಲ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಬಾಕ್ಸು ಬಾಕ್ಸಾಗಿಯೇ ಕೈ ಬದಲಿಸುವವರೆಗೆ 15ಕ್ಕೆ ಕೆಲಸವಿಲ್ಲ. ಬಾಕ್ಸು ಒಡೆದು ಕಿಲೋ ಲೆಕ್ಕದಲ್ಲಿ ಮಾರುವ ಚಿಲ್ಲರೆ ವ್ಯಾಪಾರಿಗೆ ಮಾತ್ರ 7 ಬಾಕ್ಸು 4 ಕಿಲೋದಲ್ಲಿ 3 ಬಾಕ್ಸು 9 ಕಿಲೋ ಹೋದರೆ 3 ಬಾಕ್ಸು 10 ಕಿಲೋ ಎಂಬ ಲೆಕ್ಕ ಬೇಕು. ದೊಡ್ಡ ಮಾನವನ್ನು ಒಡೆಯಬೇಕಾದ ಕಡೆಯಲ್ಲಷ್ಟೇ ಆಧಾರದ ಪ್ರಶ್ನೆ ಏಳುತ್ತದೆ.

ಬೇರೆ ಆಧಾರಗಳನ್ನು ಶಾಲೆಗೆ ತಂದು ಅಮೆರಿಕ ಕೈಸುಟ್ಟುಕೊಂಡಿತಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. 1960ರ ದಶಕದ ‘ಹೊಸ ಗಣಿತ’ ಅಲ್ಲಿ ಚಿಕ್ಕ ಮಕ್ಕಳಿಗೆ ಎಂಟರ ಆಧಾರವನ್ನು ಕಲಿಸಹೊರಟಿತು. ಗಣಿತಜ್ಞನೂ ಹಾಡುಗಾರನೂ ಆಗಿದ್ದ ಟಾಮ್ ಲೆಹ್ರರ್ 1965ರಲ್ಲಿ ಇದನ್ನು ಗೇಲಿ ಮಾಡಿ ಒಂದು ಹಾಡು ಕಟ್ಟಿದ. 342ರಲ್ಲಿ 173 ಕಳೆಯುವ ಲೆಕ್ಕವನ್ನು ಮೊದಲು ಹತ್ತರಲ್ಲಿ, ಆಮೇಲೆ ಎಂಟರಲ್ಲಿ ಮಾಡಿ ತೋರಿಸುವುದೇ ಹಾಡಿನ ಹೂರಣ. ಹತ್ತರಲ್ಲಿ ಉತ್ತರ 169, ಎಂಟರಲ್ಲಿ 147. 1973ರಲ್ಲಿ ಗಣಿತಜ್ಞ ಮಾರಿಸ್ ಕ್ಲೈನ್ ಆ ಚಳವಳಿಯನ್ನು ಇಡೀ ಪುಸ್ತಕದಲ್ಲೇ ಝಾಡಿಸಿದ. ಸೋತದ್ದಕ್ಕೆ ಕಾರಣ ಎಂಟರ ಆಧಾರ ಕಷ್ಟದ್ದೆಂದಲ್ಲ. ಎಂಟಕ್ಕೆ ತುಂಬುವ ವಸ್ತುವೊಂದನ್ನು ಅಲ್ಲಿನ ಮಗುವಿನ ಕೈಗೆ ಕೊಟ್ಟು ಕಲಿಸಿದ್ದು ಕಡಿಮೆ. ಕಾಗದದ ಮೇಲೆ ಹುಟ್ಟಿದ ಆಧಾರ ಕಾಗದದ ಮೇಲೇ ಸತ್ತಿತು. ದೇವರಾಯಸಮುದ್ರದ ಮಗುವಿಗೆ ಆ ಕೊರತೆಯಿಲ್ಲ. ನಲವತ್ತಕ್ಕೆ ತುಂಬುವ ಎಕರೆ ಮನೆಯ ಹಿಂದಿದೆ, ಹನ್ನೆರಡಕ್ಕೆ ತುಂಬುವ ಅಡಿ ಮೇಸ್ತ್ರಿಯ ಕೈಯಲ್ಲಿದೆ, ಅರವತ್ತಕ್ಕೆ ತುಂಬುವ ಗಂಟೆ ಗೋಡೆಯ ಮೇಲಿದೆ. ಅಮೆರಿಕದ ಸೋಲನ್ನು ಇಲ್ಲಿಗೆ ತಂದು ಒಪ್ಪಿಸುವುದು ಸೋಮಾರಿತನ.

ಈ ನಾಡಿನ ಹಳೆಯ ಗಣಿತಕಾರರ ಕ್ರಮ ಬೇರೆಯಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ ನೆಲ, ಕಾಲ, ಧಾನ್ಯ, ಚಿನ್ನ, ಬೆಳ್ಳಿ, ಲೋಹಗಳ ಅಳತೆಯ ಪಟ್ಟಿಗಳನ್ನು ಆರಂಭದಲ್ಲೇ ಕೊಡುತ್ತದೆ. ಲೆಕ್ಕದ ಕ್ರಿಯೆಗಳು ಆಮೇಲೆ. ಎಷ್ಟು ಸೇರಿದರೆ ಎಷ್ಟಾಗುತ್ತದೆ ಎಂಬುದು ತಿಳಿದ ಮೇಲಷ್ಟೇ ಕೂಡುವ, ಕಳೆಯುವ ಮಾತು. ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲೇ ಬರೆದ ರಾಜಾದಿತ್ಯನ ಗ್ರಂಥಕ್ಕೆ ‘ವ್ಯವಹಾರಗಣಿತ’ ಎಂದೇ ಹೆಸರು. ಈಗಿನ ಪುಸ್ತಕಗಳಲ್ಲಿ ಅಳತೆ ಬೇರೆ ಅಧ್ಯಾಯ, ಕಳೆಯುವುದು ಬೇರೆ ಅಧ್ಯಾಯ, ಆಧಾರ ಸಂಖ್ಯೆ ಎಂಬುದು ವರ್ಷಗಳ ನಂತರ ಬರುವ ಮೂರನೆಯ ಅಧ್ಯಾಯ. ಮೂರೂ ಒಂದೇ ಎಂದು ಹೇಳುವ ಪುಟ ಮಾತ್ರ ಯಾವ ಅಧ್ಯಾಯದಲ್ಲೂ ಸಿಗುವುದು ಅಪರೂಪ.

ಬದಲಾಯಿಸಲು ಹೊಸ ಸಾಮಗ್ರಿಯೇನೂ ಬೇಡ. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡುವುದು ಮೊದಲ ತರಗತಿಗಳಲ್ಲಿ ಈಗಲೂ ನಡೆಯುತ್ತದೆ. ಅದೇ ಕಡ್ಡಿಗಳನ್ನು ಎಂಟೆಂಟರ ಕಟ್ಟು ಮಾಡಿಸಿದರೆ, 42 ಕಡ್ಡಿಗಳು 5 ಕಟ್ಟು 2 ಬಿಡಿ ಆಗುತ್ತವೆ. ಅದರಲ್ಲಿ 2 ಕಟ್ಟು 7 ಬಿಡಿ ಕೊಡಬೇಕೆಂದರೆ ಒಂದು ಕಟ್ಟು ಬಿಚ್ಚಬೇಕು. ಬಿಚ್ಚಿದಾಗ ಎಂಟು ಉದುರುತ್ತವೆ, ಹತ್ತಲ್ಲ. ಎರಡಕ್ಕೆ ಎಂಟು ಸೇರಿ ಹತ್ತು, ಏಳು ಹೋಗಿ ಮೂರು; ಕಟ್ಟು ನಾಲ್ಕರಲ್ಲಿ ಎರಡು ಹೋಗಿ ಎರಡು. ಉಳಿದದ್ದು 2 ಕಟ್ಟು 3 ಬಿಡಿ, ಎಣಿಸಿದರೆ 19. ಕೊಟ್ಟ ಕಡ್ಡಿ 23, 42ರಲ್ಲಿ 23 ಹೋದರೆ 19. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದದ್ದನ್ನು ಮಗು ತಾನೇ ಎಣಿಸಿ ನೋಡಬಹುದು, ಗುರುಗಳ ಮಾತನ್ನು ನಂಬಬೇಕಾಗಿಲ್ಲ.

ವ್ಯವಹಾರದಲ್ಲಿ ಜನ ಸಾಲ ತರುವುದೇ ಇಲ್ಲ, ಕೂಡುತ್ತ ಹೋಗುತ್ತಾರೆ ಎಂಬ ಮಾತೂ ಇದೆ. 8.40ಕ್ಕೆ ಹೊರಟ ಬಸ್ಸು 10.15ಕ್ಕೆ ತಲುಪಿದರೆ, ಒಂಬತ್ತಕ್ಕೆ 20 ನಿಮಿಷ, ಅಲ್ಲಿಂದ ಒಂದೂಕಾಲು ಗಂಟೆ, ಒಟ್ಟು 1 ಗಂಟೆ 35 ನಿಮಿಷ. ಸೊಗಸಾದ ದಾರಿ, ಆದರೆ 40ರಿಂದ ಗಂಟೆ ತುಂಬಲು 20 ಬೇಕೆಂದು ಹೇಳಿದವನಿಗೆ 60 ಗೊತ್ತಿದೆ. ನೂರಕ್ಕೆ ತುಂಬುತ್ತದೆ ಎಂದುಕೊಂಡವನು 60 ನಿಮಿಷ ಸೇರಿಸಿ ಯಂತ್ರದಂತೆ 1.75 ಎನ್ನುತ್ತಾನೆ. ಮೇಲಿನದಕ್ಕೂ ಕೆಳಗಿನದಕ್ಕೂ ಸಮನಾಗಿ ಸೇರಿಸಿ ಕಳೆಯುವ ಇನ್ನೊಂದು ವಿಧಾನದಲ್ಲೂ ಇದೇ ಕಥೆ. ಮೇಲಿನ ಆಣೆಗೆ 16 ಸೇರಿಸಿದರೆ ಕೆಳಗಿನ ಗುಂಟೆಗೆ ಒಂದು ಸೇರಿಸಬೇಕು, ಮೇಲಿನ ಗುಂಟೆಗೆ 40 ಸೇರಿಸಿದರೆ ಕೆಳಗಿನ ಎಕರೆಗೆ ಒಂದು. ವಿಧಾನ ಬದಲಾದರೂ ಆಧಾರದಿಂದ ಬಿಡುಗಡೆಯಿಲ್ಲ.

ಕೊನೆಯ ಉಪಾಯ ಎಲ್ಲವನ್ನೂ ಅತಿ ಚಿಕ್ಕ ಮಾನಕ್ಕೆ ಇಳಿಸಿ ಕಳೆಯುವುದು. ಎಕರೆಗೆ 640 ಆಣೆಯಾದ್ದರಿಂದ 2 ಎಕರೆ 10 ಗುಂಟೆ 4 ಆಣೆ ಅಂದರೆ 1,444 ಆಣೆ. 15 ಗುಂಟೆ 8 ಆಣೆ ಅಂದರೆ 248. ಈಗ 1,444ರಲ್ಲಿ 248 ಕಳೆಯುವಾಗ ಬಿಡಿಯಲ್ಲೊಮ್ಮೆ, ಹತ್ತರಲ್ಲೊಮ್ಮೆ ಸಾಲ ತರಲೇಬೇಕು. ಪಹಣಿಯಲ್ಲಿ ತಪ್ಪಿಸಿಕೊಂಡ ಎರಡು ಸಾಲಗಳು ಇಲ್ಲಿ ಹತ್ತರ ವೇಷದಲ್ಲಿ ಎದುರಾಗುತ್ತವೆ. ಉತ್ತರ 1,196 ಆಣೆ. ಅದನ್ನು ಪಹಣಿಗೆ ಏರಿಸಲು 16ರಿಂದ ಭಾಗಿಸಿ 74 ಗುಂಟೆ 12 ಆಣೆ, ಮತ್ತೆ 40ರಿಂದ ಭಾಗಿಸಿ 1 ಎಕರೆ 34 ಗುಂಟೆ 12 ಆಣೆ.